ಮನುಷ್ಯ ಮರೆತರೂ ಜೀವ ಉಳಿಯಬೇಕು: ಸುರಕ್ಷಿತ ವಿನ್ಯಾಸ ಅಂದರೆ ಏನು?

ಕಳೆದ ತಿಂಗಳು ಜಗಳೂರು ಕಡೆ ಇರುವ ನಮ್ಮ ಚಿಕ್ಕಪ್ಪನ ಹೊಲದಲ್ಲಿ ನಡೆದದ್ದು ಇದು. ಮಧ್ಯಾಹ್ನ ತ್ರೀ ಫೇಸ್ ಕರೆಂಟ್ ಹೋಗಿತ್ತು. ಬೋರ್‌ವೆಲ್ ಬಾಯಿ ಹತ್ತಿರ ಕೇಬಲ್ ಜಾಯಿಂಟ್ ಸುಟ್ಟ ವಾಸನೆ ಬರುತ್ತಿತ್ತು. ಹೇಗೂ ಕರೆಂಟ್ ಇಲ್ಲ, ಈಗಲೇ ಸರಿ ಮಾಡಿಬಿಡೋಣ ಅಂತ ಚಿಕ್ಕಪ್ಪ ಕುಕ್ಕರುಗಾಲಲ್ಲಿ ಕೂತು ಹಳೇ ಟೇಪು ಬಿಚ್ಚಿದರು. ಒಳಗಿನ ತಾಮ್ರ ಕಾಣಿಸಿತು. ಹೊಸ ಟೇಪು ಹಿಂದೆ ಕಲ್ಲಿನ ಮೇಲಿತ್ತು. ತಂತಿ ಬಿಟ್ಟು ಅದನ್ನು ತೆಗೆದುಕೊಳ್ಳಲು ತಿರುಗಿದರು. ಅಷ್ಟರಲ್ಲಿ ಸ್ಟಾರ್ಟರ್ ಡಬ್ಬಿಯೊಳಗೆ 'ಟಕ್' ಅಂತ ಸದ್ದಾಯಿತು. ಪೈಪು ಅದುರಿತು. ಜಾಯಿಂಟ್‌ನಿಂದ ಕಿಡಿ ಹಾರಿತು. ಕರೆಂಟ್ ಬಂದಿತ್ತು, ಮೋಟರ್ ತಾನಾಗಿಯೇ ಚಾಲೂ ಆಗಿತ್ತು. ಆಟೋ ಸ್ವಿಚ್ ಹಾಕೇ ಇತ್ತು. ಅದನ್ನು ಅವರು ಮರೆತಿದ್ದರು.

ಸಂಜೆ ಕಟ್ಟೆ ಮೇಲೆ ಕೂತವರೆಲ್ಲ ಒಂದೇ ಮಾತು ಹೇಳಿದರು. "ನೋಡ್ಕೊಂಡು ಮಾಡ್ಬೇಕಿತ್ತಪ್ಪ." ಚಿಕ್ಕಪ್ಪನೂ ತಲೆ ತಗ್ಗಿಸಿ, "ಹೌದು, ನನ್ನದೇ ತಪ್ಪು" ಅಂದರು.

ನನಗೆ ಆ ಮಾತು ಇವತ್ತಿಗೂ ಒಪ್ಪಿಗೆಯಾಗಿಲ್ಲ. ಮೂವತ್ತು ವರ್ಷದಿಂದ ಮೋಟರ್ ಜೊತೆ ಬದುಕಿದ ಮನುಷ್ಯ ಒಂದು ಸಲ ಮರೆತರೆ ಸಾಯಬೇಕೇ? ಅಥವಾ, ಮನುಷ್ಯ ಮರೆಯುತ್ತಾನೆ ಅಂತ ಮೊದಲೇ ಗೊತ್ತಿಟ್ಟುಕೊಂಡು ಆ ಡಬ್ಬಿಯನ್ನು ಕಟ್ಟಬಹುದಿತ್ತೇ? ಈ ಎರಡನೇ ಪ್ರಶ್ನೆಯ ಮೇಲೆ ಒಂದು ಇಡೀ ವಿದ್ಯೆಯೇ ನಿಂತಿದೆ. ವಿಮಾನ, ರೈಲು, ಆಸ್ಪತ್ರೆ, ಅಣು ವಿದ್ಯುತ್ ಸ್ಥಾವರ ಎಲ್ಲವೂ ಅದರಿಂದ ಪಾಠ ಕಲಿತಿವೆ. ಮನೆಯಲ್ಲೂ ಹೊಲದಲ್ಲೂ ಯಂತ್ರ ಜಾಸ್ತಿಯಾಗುತ್ತಿರುವ ಈ ಹೊತ್ತಲ್ಲಿ ಅದು ನಮಗೂ ಗೊತ್ತಿರಬೇಕು.

ತಪ್ಪುಗಳಲ್ಲಿ ಎಷ್ಟು ಬಗೆ?

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಮನುಷ್ಯರ ತಪ್ಪುಗಳನ್ನು ಬೇರೆ ಬೇರೆ ಮಾಡಿ ನೋಡಿದವರಲ್ಲಿ ಮುಖ್ಯರು. ಅವರ ವಿಂಗಡಣೆಯನ್ನು ನಮ್ಮ ಮಾತಲ್ಲಿ ಹೇಳುವುದಾದರೆ ಹೀಗೆ. ಕೈತಪ್ಪು: ಸಕ್ಕರೆ ಡಬ್ಬಕ್ಕೆ ಕೈ ಹಾಕಲು ಹೋಗಿ ಉಪ್ಪಿನ ಡಬ್ಬಕ್ಕೆ ಹಾಕುವುದು. ಮರೆವು: ಹಾಲು ಒಲೆ ಮೇಲಿಟ್ಟು ಫೋನ್‌ನಲ್ಲಿ ಮಾತಾಡುತ್ತಾ ಕೂರುವುದು. ತಪ್ಪು ತಿಳಿವಳಿಕೆ: ಜ್ವರಕ್ಕೆ ಕಾರಣ ಬೇರೆ ಇದ್ದಾಗ ಇನ್ನೇನೋ ಮಾತ್ರೆ ನುಂಗುವುದು. ಇಲ್ಲಿ ಕೈ ತಪ್ಪಿಲ್ಲ, ಲೆಕ್ಕವೇ ತಪ್ಪಿದೆ. ಕೊನೆಯದು ಗೊತ್ತಿದ್ದೂ ನಿಯಮ ದಾಟುವುದು: ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸುವುದು.

ಹೀಗೆ ಬಿಡಿಸಿ ನೋಡುವುದು ಯಾಕೆ ಬೇಕು ಅಂದರೆ, ಒಂದೊಂದಕ್ಕೂ ಮದ್ದು ಬೇರೆ. ತಪ್ಪು ತಿಳಿವಳಿಕೆ ಇದ್ದರೆ ತರಬೇತಿ ಕೊಡಬಹುದು. ಆದರೆ ಮರೆವಿಗೆ ತರಬೇತಿ ಕೊಟ್ಟು ಏನು ಪ್ರಯೋಜನ? ಮರೆಯಬೇಡ ಅಂತ ಹೇಳಿದರೆ ಯಾರಾದರೂ ಮರೆಯದೆ ಇರುತ್ತಾರಾ? ಕೆಲಸ ಚೆನ್ನಾಗಿ ಗೊತ್ತಿದ್ದವರೇ ಹೆಚ್ಚು ಮರೆಯುವುದುಂಟು, ಯಾಕಂದರೆ ಅವರ ಕೈ ತಾನಾಗಿ ಓಡುತ್ತಿರುತ್ತದೆ, ಮನಸ್ಸು ಬೇರೆ ಕಡೆ ಇರುತ್ತದೆ. ಚಿಕ್ಕಪ್ಪನದು ಇದೇ.

ಮರೆವಿಗೆ ಹೊರಗಿನ ಆಸರೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ ಅಂತ ಒಂದು ಹಾಳೆಯ ಪಟ್ಟಿ ತಂದಿತು. ರೋಗಿಯ ಹೆಸರು, ಯಾವ ಕಡೆಯ ಅಂಗ, ಅಲರ್ಜಿ ಇದೆಯೇ, ಕೊನೆಯಲ್ಲಿ ಬಟ್ಟೆ ಸೂಜಿ ಲೆಕ್ಕ ಸರಿ ಇದೆಯೇ ಎಂದು ಜೋರಾಗಿ ಓದಿ ಹೇಳುವುದು, ಅಷ್ಟೇ. ನವದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದಾಗ ಶಸ್ತ್ರಚಿಕಿತ್ಸೆ ಆದವರಲ್ಲಿ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿದಿತ್ತು. ಆ ವೈದ್ಯರಿಗೆ ಮೊದಲು ವಿದ್ಯೆ ಇರಲಿಲ್ಲ ಅಂತಲ್ಲ.

ಅಕ್ಕಪಕ್ಕ ಇದ್ದ ಎರಡು ಸ್ವಿಚ್

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳಲ್ಲಿ ಒಂದು ವಿಚಿತ್ರ ಅಪಘಾತ ಮತ್ತೆ ಮತ್ತೆ ಆಗುತ್ತಿತ್ತು. ವಿಮಾನ ಸರಿಯಾಗಿ ನೆಲಕ್ಕೆ ಇಳಿಯುತ್ತಿತ್ತು. ಆಮೇಲೆ ಪೈಲಟ್ ಫ್ಲಾಪ್, ಅಂದರೆ ರೆಕ್ಕೆಯ ಹಿಂಬದಿಯಲ್ಲಿ ಚಾಚಿ ಮಡಚುವ ಪಟ್ಟಿ, ಅದನ್ನು ಮಡಚಲು ಹೋಗಿ ಚಕ್ರವನ್ನೇ ಮಡಚಿಬಿಡುತ್ತಿದ್ದ. ವಿಮಾನ ಹೊಟ್ಟೆ ಮೇಲೆ ಕುಸಿಯುತ್ತಿತ್ತು. ವರದಿಯಲ್ಲಿ 'ಪೈಲಟ್ ತಪ್ಪು' ಅಂತ ಬರೆಯುತ್ತಿದ್ದರು.

ಆಲ್ಫೊನ್ಸ್ ಚಾಪಾನಿಸ್ ಎಂಬ ಯುವ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್‌ನಲ್ಲಿ ಕೂತು ನೋಡಿದರು. ಚಕ್ರದ ಸ್ವಿಚ್ಚು, ಫ್ಲಾಪಿನ ಸ್ವಿಚ್ಚು ಎರಡೂ ಅಕ್ಕಪಕ್ಕ. ನೋಡಲು ಒಂದೇ ಥರ, ಮುಟ್ಟಿದರೂ ಒಂದೇ ಥರ. ಗಂಟೆಗಟ್ಟಲೆ ಹಾರಿ ಸುಸ್ತಾಗಿ ಬಂದ ಪೈಲಟ್ ಕಣ್ಣು ರನ್‌ವೇ ಮೇಲಿಟ್ಟು ಕೈ ಚಾಚಿದರೆ ಯಾವುದು ಸಿಗುತ್ತದೆ? ಬೇರೆ ಮಾದರಿಯ ವಿಮಾನಗಳಲ್ಲಿ ಈ ಎರಡು ದೂರ ದೂರ ಇದ್ದವು. ಅಲ್ಲಿ ಈ ಅಪಘಾತ ಇರಲಿಲ್ಲ. ಅಂದರೆ ತಪ್ಪು ಪೈಲಟ್‌ನ ತಲೆಯಲ್ಲಿ ಇರಲಿಲ್ಲ, ಸ್ವಿಚ್ ಜೋಡಿಸಿದ ರೀತಿಯಲ್ಲಿತ್ತು.

ಚಾಪಾನಿಸ್ ಹುಡುಕಿದ ಪರಿಹಾರ ತುಂಬಾ ಸರಳ. ಚಕ್ರದ ಹಿಡಿಗೆ ರಬ್ಬರಿನ ಪುಟ್ಟ ಚಕ್ರ ಅಂಟಿಸಿದರು. ಫ್ಲಾಪಿನ ಹಿಡಿಗೆ ರೆಕ್ಕೆಯಂಥ ಒಂದು ತುಂಡು. ಈಗ ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ. ಇಂದಿಗೂ ಪ್ರಯಾಣಿಕರ ವಿಮಾನದಲ್ಲಿ ಚಕ್ರ ಇಳಿಸುವ ಹಿಡಿಯ ತುದಿ ಚಕ್ರದ ಆಕಾರದಲ್ಲೇ ಇರುತ್ತದೆ.

ಆಗದ ಹಾಗೆಯೇ ಮಾಡಿಬಿಡುವುದು

ಜಪಾನಿನ ಎಂಜಿನಿಯರ್ ಶಿಗೆಯೋ ಶಿಂಗೋ 1961ರಲ್ಲಿ ಒಂದು ಕಾರ್ಖಾನೆಗೆ ಹೋದರು. ಅಲ್ಲಿ ಒಂದು ಪುಟ್ಟ ಸ್ವಿಚ್ ತಯಾರಾಗುತ್ತಿತ್ತು. ಒಳಗೆ ಎರಡು ಸ್ಪ್ರಿಂಗ್ ಇಡಬೇಕು. ಕೆಲವು ಸಲ ಕೆಲಸಗಾರರು ಒಂದನ್ನು ಇಡಲು ಮರೆಯುತ್ತಿದ್ದರು. ಬೈದದ್ದಾಗಿತ್ತು, ತಪಾಸಣೆಗೆ ಆಳು ಇಟ್ಟದ್ದಾಗಿತ್ತು. ಶಿಂಗೋ ಒಂದು ತಟ್ಟೆ ತರಿಸಿದರು. ಮೊದಲು ಎರಡು ಸ್ಪ್ರಿಂಗ್ ತಟ್ಟೆಗೆ ಹಾಕು, ಆಮೇಲೆ ಸ್ವಿಚ್‌ಗೆ ಜೋಡಿಸು. ಕೆಲಸ ಮುಗಿದ ಮೇಲೆ ತಟ್ಟೆಯಲ್ಲಿ ಒಂದು ಉಳಿದಿದ್ದರೆ ಮರೆತದ್ದು ಅಲ್ಲೇ ಕಣ್ಣಿಗೆ ಬೀಳುತ್ತದೆ. ಈ ಬಗೆಯ ಉಪಾಯಕ್ಕೆ ಮೊದಲು 'ಬಾಕಾ-ಯೋಕೆ' ಅನ್ನುತ್ತಿದ್ದರು, ದಡ್ಡರಿಂದ ಕಾಪಾಡುವುದು ಅಂತ ಅರ್ಥ. ಒಬ್ಬ ಕೆಲಸಗಾರ್ತಿ ಇದನ್ನು ಕೇಳಿ ನೊಂದುಕೊಂಡ ಮೇಲೆ ಹೆಸರನ್ನು 'ಪೋಕಾ-ಯೋಕೆ' ಅಂತ ಬದಲಿಸಿದರು. ಪೋಕಾ ಅಂದರೆ ಅರಿವಿಲ್ಲದೆ ಆಗುವ ಕೈತಪ್ಪು. ತಪ್ಪು ಮಾಡುವವನು ದಡ್ಡ ಅಲ್ಲ ಅನ್ನುವುದು ಆ ಹೆಸರಲ್ಲೇ ಬಂತು.

ಇಂಥ ಉಪಾಯ ನಮ್ಮ ಮನೆ ತುಂಬಾ ಇದೆ, ನಾವು ಗಮನಿಸಿರುವುದಿಲ್ಲ. ಮೂರು ಪಿನ್ನಿನ ಪ್ಲಗ್ ತೆಗೆದು ನೋಡಿ. ಮೇಲಿನ ಅರ್ಥಿಂಗ್ ಪಿನ್ ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ. ದಪ್ಪ ಇರುವುದರಿಂದ ತಪ್ಪು ತೂತಿಗೆ ಹೋಗುವುದಿಲ್ಲ. ಉದ್ದ ಇರುವುದರಿಂದ ಹಾಕುವಾಗ ಎಲ್ಲಕ್ಕಿಂತ ಮೊದಲು ಅರ್ಥಿಂಗ್ ಸೇರುತ್ತದೆ, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ಮುಚ್ಚಳ ಒಳಗಿನಿಂದ ಕೂರುವ ಕುಕ್ಕರ್ ನೋಡಿ. ಒಳಗಿನ ಹಬೆಯೇ ಮುಚ್ಚಳವನ್ನು ಅಂಚಿಗೆ ಒತ್ತಿ ಹಿಡಿದಿರುತ್ತದೆ. ಹಬೆ ಇಳಿಯುವ ತನಕ ಎಷ್ಟು ಅವಸರ ಮಾಡಿದರೂ ಬರುವುದಿಲ್ಲ.

ದಾವಣಗೆರೆಯಂಥ ಆಸ್ಪತ್ರೆಗಳ ಊರಿನವರಿಗೆ ಇನ್ನೊಂದು ಹೇಳಬೇಕು. ಅರಿವಳಿಕೆ ಯಂತ್ರಕ್ಕೆ ಆಮ್ಲಜನಕದ ಸಣ್ಣ ಸಿಲಿಂಡರೂ ಬೇಕು, ನೈಟ್ರಸ್ ಆಕ್ಸೈಡ್ ಸಿಲಿಂಡರೂ ಬೇಕು. ಅದಲು ಬದಲಾದರೆ ರೋಗಿ ಉಳಿಯುವುದಿಲ್ಲ. ಬಣ್ಣ ಬೇರೆ ಬಳಿದರೆ ಸಾಕಾಗಲ್ಲ, ಅವಸರದಲ್ಲಿ ಬಣ್ಣ ಯಾರು ನೋಡುತ್ತಾರೆ? ಅದಕ್ಕೇ ಯಂತ್ರದ ಕಡೆ ಎರಡು ಪುಟ್ಟ ಮೊಳೆ, ಸಿಲಿಂಡರ್ ಬಾಯಿಯಲ್ಲಿ ಅದಕ್ಕೆ ಸರಿಹೊಂದುವ ಎರಡು ತೂತು ಇಟ್ಟಿದ್ದಾರೆ. ಒಂದೊಂದು ಅನಿಲಕ್ಕೆ ತೂತಿನ ಜಾಗ ಬೇರೆ. ತಪ್ಪು ಸಿಲಿಂಡರ್ ತಂದರೆ ಅದು ಕೂರುವುದೇ ಇಲ್ಲ.

ಕೆಟ್ಟರೆ ಯಾವ ಕಡೆಗೆ ಕೆಡಬೇಕು?

ಎಲ್ಲಾ ಯಂತ್ರವೂ ಒಂದು ದಿನ ಕೆಡುತ್ತದೆ. ಕೆಟ್ಟಾಗ ಅದು ಅಪಾಯದ ಕಡೆ ವಾಲುತ್ತದೋ, ಸುರಕ್ಷಿತ ಕಡೆ ವಾಲುತ್ತದೋ ಅನ್ನುವುದನ್ನು ಕಟ್ಟುವಾಗಲೇ ತೀರ್ಮಾನಿಸಬೇಕು. ಎಂಜಿನಿಯರುಗಳು ಇದಕ್ಕೆ ಫೇಲ್ ಸೇಫ್ ಅನ್ನುತ್ತಾರೆ.

ದಾವಣಗೆರೆ ಸ್ಟೇಷನ್‌ನಲ್ಲಿ ರೈಲು ಹೊರಡುವ ಮುಂಚೆ ಬೋಗಿಗಳ ಕೆಳಗಿನಿಂದ 'ಉಸ್' ಅಂತ ಗಾಳಿಯ ಸದ್ದು ಕೇಳಿರುತ್ತೀರಿ. ಅದು ಬ್ರೇಕಿನದು. ಗಾಳಿ ತುಂಬಿದರೆ ಬ್ರೇಕ್ ಬೀಳುತ್ತದೆ ಅಂತ ನಮಗೆ ಅನಿಸುತ್ತದೆ. ಇರುವುದು ತಿರುವುಮುರುವು. ಇಡೀ ರೈಲಿನ ಉದ್ದಕ್ಕೂ ಹಾದುಹೋದ ಕೊಳವೆಯಲ್ಲಿ ಗಾಳಿಯ ಒತ್ತಡ ಇದ್ದಷ್ಟು ಹೊತ್ತು ಮಾತ್ರ ಬ್ರೇಕ್ ಬಿಟ್ಟಿರುತ್ತದೆ. ಕೊಳವೆ ಒಡೆದರೆ, ಬೋಗಿ ಕಳಚಿಕೊಂಡರೆ, ಗಾಳಿ ಸೋರುತ್ತದೆ, ಪ್ರತಿ ಬೋಗಿಯ ಬ್ರೇಕೂ ತಾನಾಗಿ ಹಿಡಿಯುತ್ತದೆ. ಚೈನ್ ಎಳೆದಾಗ ಆಗುವುದೂ ಅದೇ, ಕೊಳವೆಯ ಗಾಳಿ ಹೊರಗೆ ಹೋಗುತ್ತದೆ. ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ಈ ವ್ಯವಸ್ಥೆ ತಂದರು. ಅದಕ್ಕೂ ಮುಂಚೆ ಅವರೇ ಮಾಡಿದ್ದ ಬ್ರೇಕು ಗಾಳಿ ತುಂಬಿದರೆ ಹಿಡಿಯುವಂಥದ್ದು. ಬೋಗಿ ಕಳಚಿದರೆ ಅದು ಕೆಲಸಕ್ಕೆ ಬರುತ್ತಿರಲಿಲ್ಲ.

ಈಗ ಚಿಕ್ಕಪ್ಪನ ಸ್ಟಾರ್ಟರ್‌ಗೆ ವಾಪಸ್ ಬರೋಣ. ತಗಡಿನ ಬಾಗಿಲು ತೆಗೆದರೆ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಹಸಿರು ಒತ್ತಿದಾಗ ಒಳಗಿನ ಕಾಯಿಲ್ ಅಯಸ್ಕಾಂತವಾಗಿ ಸಂಪರ್ಕವನ್ನು ಎಳೆದು ಹಿಡಿಯುತ್ತದೆ. ಕರೆಂಟ್ ಹೋದರೆ ಕಾಯಿಲ್ ಶಕ್ತಿ ಕಳೆದುಕೊಂಡು ಸಂಪರ್ಕ ಬಿಟ್ಟುಬಿಡುತ್ತದೆ. ಮತ್ತೆ ಕರೆಂಟ್ ಬಂದರೂ ಮನುಷ್ಯ ಹಸಿರು ಗುಂಡಿ ಒತ್ತುವ ತನಕ ಮೋಟರ್ ಓಡುವುದಿಲ್ಲ. ಹಿಟ್ಟಿನ ಗಿರಣಿಯಲ್ಲಿ ಕರೆಂಟ್ ಬಂದ ತಕ್ಷಣ ಬೆಲ್ಟ್ ತಾನಾಗಿ ತಿರುಗದೆ ಇರುವುದು ಇದರಿಂದಲೇ. ಅಂದರೆ ಹಳೇ ಸ್ಟಾರ್ಟರ್‌ನಲ್ಲಿ ರಕ್ಷಣೆ ಮೊದಲೇ ಇತ್ತು! ಪಕ್ಕದಲ್ಲಿ ಕೂರಿಸಿದ ಆಟೋ ಪೆಟ್ಟಿಗೆ ಮಾಡುವುದು ಏನು? ಮನುಷ್ಯನ ಬದಲು ತಾನೇ ಹಸಿರು ಗುಂಡಿ ಒತ್ತುವುದು.

ಹಾಗಾದರೆ ರೈತರು ಯಾಕೆ ಆಟೋ ಹಾಕಿಸುತ್ತಾರೆ? ಸೋಮಾರಿತನ ಅಂತ ಹೇಳುವವರು ರಾತ್ರಿ ಎರಡು ಗಂಟೆಗೆ ಹೊಲಕ್ಕೆ ಹೋಗಿ ನೋಡಬೇಕು. ತ್ರೀ ಫೇಸ್ ಕೊಡುವುದು ದಿನದ ಕೆಲವು ಗಂಟೆ, ಅದೂ ಪಾಳಿಯ ಮೇಲೆ. ಕತ್ತಲಲ್ಲಿ ಬದುವಿನ ಮೇಲೆ ಹಾವು ಇರುತ್ತದೆ. ಕೆಲವು ಕಡೆ ಕರಡಿಯ ಭಯ. ಆಟೋ ಸ್ವಿಚ್ ಆ ಅಪಾಯ ತಪ್ಪಿಸಿತು, ಇನ್ನೊಂದನ್ನು ತಂದಿಟ್ಟಿತು. ಜನ ನಿಯಮ ದಾಟುತ್ತಾರೆ ಅಂದರೆ ಅದರ ಹಿಂದೆ ಏನೋ ಒಂದು ಕಷ್ಟ ಇರುತ್ತದೆ. ಅದನ್ನು ಕೇಳದೆ ಮಾಡಿದ ವಿನ್ಯಾಸವನ್ನು ಜನ ಒಂದು ತುಂಡು ತಂತಿ ಹಾಕಿ ಬೈಪಾಸ್ ಮಾಡುತ್ತಾರೆ.

ಏಳು ಸುತ್ತು, ಒಂದು ಕಿಂಡಿ

ಒಂದೇ ರಕ್ಷಣೆ ನಂಬಿ ಕೂರಬಾರದು, ಪದರ ಪದರವಾಗಿ ಇರಬೇಕು ಅನ್ನುವುದು ಈ ವಿದ್ಯೆಯ ಇನ್ನೊಂದು ಮಾತು. ಚಿತ್ರದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಳು ಸುತ್ತಿನ ಕೋಟೆ ಹತ್ತಿದವರು ನೋಡಿರುತ್ತೀರಿ, ಬಾಗಿಲುಗಳು ನೇರಕ್ಕೆ ಇಲ್ಲ. ಒಂದು ಬಾಗಿಲು ದಾಟಿದರೆ ಎದುರಿಗೆ ಗೋಡೆ, ತಿರುಗಿ ಹೋಗಬೇಕು. ಒಂದು ಸುತ್ತು ಬಿದ್ದರೂ ಇನ್ನೊಂದು ಉಳಿಯಲಿ ಅಂತ.

ಆದರೆ ಬಂಡೆಗಳ ಸಂದಿನಲ್ಲಿ ಒಂದು ಕಿಂಡಿ ಇತ್ತು. ಒಬ್ಬ ಮನುಷ್ಯ ಮೈ ಕುಗ್ಗಿಸಿ ನುಸುಳುವಷ್ಟು. ಹೈದರ್ ಅಲಿಯ ಸೈನಿಕರಿಗೆ ಅದು ಗೊತ್ತಾಯಿತು. ಕಾವಲಿನವನು ಊಟಕ್ಕೆ ಹೋಗಿದ್ದ. ನೀರಿಗೆ ಬಂದ ಅವನ ಹೆಂಡತಿ ಓಬವ್ವ ಒನಕೆ ಹಿಡಿದು ನಿಂತಳು. ಮುಂದಿನದು ಎಲ್ಲರಿಗೂ ಗೊತ್ತು. ಆಕೆಯ ಧೈರ್ಯಕ್ಕೆ ತಲೆಬಾಗುತ್ತಲೇ ಸುರಕ್ಷತೆಯ ಎಂಜಿನಿಯರ್ ಒಂದೆರಡು ಪ್ರಶ್ನೆ ಕೇಳುತ್ತಾರೆ. ಆ ಜಾಗಕ್ಕೆ ಒಬ್ಬನೇ ಕಾವಲು ಯಾಕೆ? ಅವನು ಉಣ್ಣಲು ಹೋದಾಗ ಬದಲಿ ಯಾರು? ಅವನಿಗೆ ಹಸಿವಾಗುತ್ತದೆ ಅನ್ನುವುದು ಮೊದಲೇ ಗೊತ್ತಿದ್ದ ಸಂಗತಿ ಅಲ್ವಾ?

ರೀಸನ್ ಇದೇ ವಿಚಾರವನ್ನು ತೂತು ತೂತಾದ ಚೀಸ್ ಹೋಳುಗಳ ಚಿತ್ರದಲ್ಲಿ ತೋರಿಸಿದರು. ಪ್ರತಿ ಪದರದಲ್ಲೂ ಕಿಂಡಿ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಒಂದರ ಕಿಂಡಿಯನ್ನು ಇನ್ನೊಂದು ಮುಚ್ಚಿರುತ್ತದೆ. ಎಲ್ಲಾ ಕಿಂಡಿಗಳೂ ಒಂದೇ ಸಾಲಿಗೆ ಬಂದ ದಿನ ಅನಾಹುತ ನುಗ್ಗಿ ಬರುತ್ತದೆ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಆದದ್ದು ಅದು. ವಿಷಾನಿಲದ ಟ್ಯಾಂಕನ್ನು ತಂಪಾಗಿಡುವ ಯಂತ್ರವನ್ನು ಮೊದಲೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡಬೇಕಿದ್ದ ಚಿಮಣಿಯ ಸಂಪರ್ಕ ರಿಪೇರಿಗೆ ಅಂತ ಬಿಚ್ಚಿತ್ತು. ಅನಿಲ ತೊಳೆಯುವ ಘಟಕ ಅಷ್ಟು ದೊಡ್ಡ ಸೋರಿಕೆಯನ್ನು ತಡೆಯುವಂತೆ ಇರಲಿಲ್ಲ. ಕಾಗದದ ಮೇಲೆ ಪದರಗಳೆಲ್ಲ ಇದ್ದವು. ಸುಮಾರು 40 ಟನ್ ಅನಿಲ ಮಲಗಿದ್ದ ಊರಿನ ಮೇಲೆ ಹರಡಿತು. ಸಾವಿರಾರು ಜನ ಸತ್ತರು. ಆ ರಾತ್ರಿ ಯಾರು ಯಾವ ವಾಲ್ವ್ ತಿರುಗಿಸಿದರು ಅಂತ ಹುಡುಕಿದರೆ ಒಂದು ಹೆಸರು ಸಿಗಬಹುದು. ಉಳಿದ ಕಿಂಡಿಗಳನ್ನು ತಿಂಗಳುಗಟ್ಟಲೆ ತೆರೆದಿಟ್ಟದ್ದು ಯಾಕೆ ಅನ್ನುವ ಪ್ರಶ್ನೆಗೆ ಆ ಹೆಸರಲ್ಲಿ ಉತ್ತರ ಇರುವುದಿಲ್ಲ.

ದೀಪ ಏನು ಹೇಳುತ್ತಿದೆ?

ಮನುಷ್ಯ ಸರಿಯಾದ ತೀರ್ಮಾನ ಮಾಡಬೇಕಾದರೆ ಯಂತ್ರ ನಿಜ ಹೇಳಬೇಕು. ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರದಲ್ಲಿ 1979ರ ಮಾರ್ಚ್ 28ರ ಬೆಳಗಿನ ಜಾವ ಒತ್ತಡ ಇಳಿಸುವ ಒಂದು ವಾಲ್ವ್ ತೆರೆದುಕೊಂಡಿತು, ಮತ್ತೆ ಮುಚ್ಚದೆ ಸಿಕ್ಕಿಹಾಕಿಕೊಂಡಿತು. ಆದರೆ ಕಂಟ್ರೋಲ್ ರೂಮಿನ ದೀಪ ಆರಿತು. ಮುಚ್ಚಿದೆ ಅಂತ ಸಿಬ್ಬಂದಿ ನಂಬಿದರು. ಆ ದೀಪಕ್ಕೂ ವಾಲ್ವ್ ನಿಜವಾಗಿ ಮುಚ್ಚಿದ್ದಕ್ಕೂ ಸಂಬಂಧವೇ ಇರಲಿಲ್ಲ. 'ಮುಚ್ಚು' ಅಂತ ಆಜ್ಞೆ ಹೋಗಿದೆ ಅನ್ನುವುದನ್ನಷ್ಟೇ ಅದು ತೋರಿಸುತ್ತಿತ್ತು. ಮೊದಲ ಕೆಲವು ನಿಮಿಷಗಳಲ್ಲೇ ನೂರಕ್ಕೂ ಜಾಸ್ತಿ ಅಲಾರಂ ಒಟ್ಟಿಗೆ ಕೂಗಿದವು. ಅಷ್ಟು ಗದ್ದಲದಲ್ಲಿ ಯಾವುದು ಮುಖ್ಯ ಅಂತ ಯಾರಿಗೆ ಗೊತ್ತಾಗಬೇಕು? ಎರಡು ಗಂಟೆಗೂ ಹೆಚ್ಚು ಹೊತ್ತು ತಂಪುಗೊಳಿಸುವ ನೀರು ಹೊರಗೆ ಹೋಗುತ್ತಲೇ ಇತ್ತು, ಇಂಧನದ ಭಾಗ ಕರಗಿತು.

ಮಗನಿಗೆ "ಗೇಟ್ ಹಾಕು" ಅಂತ ಹೇಳಿದ್ದೇನೆ ಅನ್ನುವುದು ಬೇರೆ, ಗೇಟ್ ಹಾಕಿದೆ ಅನ್ನುವುದು ಬೇರೆ. ಮೊಬೈಲ್ ಸ್ಟಾರ್ಟರ್ ಇಟ್ಟುಕೊಂಡವರು ಈ ವ್ಯತ್ಯಾಸ ನೆನಪಿಡಬೇಕು. ಫೋನಿನಲ್ಲಿ 'ಆಫ್' ಒತ್ತಿದರೆ ತಂತಿಯಲ್ಲಿ ಕರೆಂಟ್ ಇಲ್ಲ ಅಂತ ಅರ್ಥ ಅಲ್ಲ.

ಸಾಫ್ಟ್‌ವೇರ್ ಬಂದ ಮೇಲೆ

1985ರಿಂದ 1987ರ ನಡುವೆ ಥೆರಾಕ್-25 ಎಂಬ ಕ್ಯಾನ್ಸರ್ ವಿಕಿರಣ ಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. ಕೆಲವರು ಸತ್ತರು. ಅದರ ಹಿಂದಿನ ಮಾದರಿಯ ಸಾಫ್ಟ್‌ವೇರ್‌ನಲ್ಲೂ ದೋಷ ಇತ್ತು, ಆದರೆ ಅಪಾಯವಾಗುವ ಮುನ್ನ ಯಂತ್ರವನ್ನು ನಿಲ್ಲಿಸುವ ತಡೆಗಳು ಅದರಲ್ಲಿ ಬೇರೆಯಾಗಿ ಇದ್ದವು. ಹೊಸದರಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಅಂತ ನಂಬಿ ಅವನ್ನು ತೆಗೆದುಹಾಕಿದ್ದರು. ಪರದೆಯ ಮೇಲೆ ಬರುತ್ತಿದ್ದದ್ದು 'ಮಾಲ್‌ಫಂಕ್ಷನ್ 54' ಅನ್ನುವಂಥ ಅರ್ಥವಾಗದ ಸಾಲು. ಒಂದು ಗುಂಡಿ ಒತ್ತಿದರೆ ಚಿಕಿತ್ಸೆ ಮುಂದುವರಿಯುತ್ತಿತ್ತು. ಇಂಥ ಸಾಲು ದಿನಾ ಬರುತ್ತಿದ್ದರಿಂದ ಒತ್ತುವುದು ಅಭ್ಯಾಸವಾಗಿತ್ತು.

ಸಾಫ್ಟ್‌ವೇರ್ ಬೇಡ ಅಂತಲ್ಲ, ಬೇಕಂತಲೇ ಕಷ್ಟ ಕೊಟ್ಟು ಪರೀಕ್ಷೆ ಮಾಡಬೇಕು. ನಮ್ಮ ಚಳ್ಳಕೆರೆ ಬಳಿಯ ಪರೀಕ್ಷಾ ವಲಯದಲ್ಲೇ ಒಳ್ಳೆಯ ಉದಾಹರಣೆ ಇದೆ. ಮತ್ತೆ ಬಳಸಬಹುದಾದ ಉಡಾವಣಾ ವಾಹನದ ಮಾದರಿಯನ್ನು ಇಸ್ರೋ 2023ರ ಏಪ್ರಿಲ್ 2ರಂದು ಹೆಲಿಕಾಪ್ಟರ್‌ನಿಂದ ಬಿಟ್ಟು ರನ್‌ವೇ ಮೇಲೆ ತಾನಾಗಿ ಇಳಿಯುವಂತೆ ಮಾಡಿತು. 2024ರ ಮಾರ್ಚ್‌ನಲ್ಲಿ ಅದನ್ನು ನೇರ ಸಾಲಿನಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಜೂನ್‌ನಲ್ಲಿ 500 ಮೀಟರ್ ಪಕ್ಕಕ್ಕೆ, ಇನ್ನೂ ಜೋರು ಗಾಳಿಯಲ್ಲಿ. ಒಳಗೆ ಮನುಷ್ಯರು ಯಾರೂ ಇಲ್ಲದಾಗಲೇ ಅದು ಎಡವುವ ಸಂದರ್ಭ ಹುಡುಕಿ ಹುಡುಕಿ ಒಡ್ಡಿದರು.

ಬೀಗ ಯಾರದು, ಕೀಲಿ ಯಾರ ಹತ್ತಿರ?

ಲೈನ್‌ಮನ್‌ಗಳು ಕಂಬ ಹತ್ತುವ ಮುಂಚೆ 'ಎಲ್‌ಸಿ' ತೆಗೆದುಕೊಳ್ಳುತ್ತಾರೆ. ಅಂದರೆ ಆ ಲೈನ್ ಬಂದ್ ಮಾಡಿದ್ದೇವೆ, ನೀವು ಹೇಳುವ ತನಕ ಚಾಲೂ ಮಾಡುವುದಿಲ್ಲ ಎಂಬ ಒಪ್ಪಿಗೆ. ಆಮೇಲೂ ಅವರು ತಂತಿಗಳನ್ನು ಭೂಮಿಗೆ ಜೋಡಿಸಬೇಕು, ಯಾಕಂದರೆ ಎಲ್ಲೋ ಯಾರದೋ ಜನರೇಟರ್‌ನಿಂದ ಕರೆಂಟ್ ಹಿಂದಕ್ಕೆ ಬರಬಹುದು. ಕಾರ್ಖಾನೆಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ರಿಪೇರಿಗೆ ಹೋಗುವವನು ಮೇನ್ ಸ್ವಿಚ್ಚನ್ನು ಆಫ್ ಮಾಡಿ ತನ್ನ ಸ್ವಂತ ಬೀಗ ಜಡಿಯುತ್ತಾನೆ. ಕೀಲಿ ಅವನ ಜೇಬಿನಲ್ಲಿ. ನಾಲ್ಕು ಜನ ಕೆಲಸ ಮಾಡುತ್ತಿದ್ದರೆ ನಾಲ್ಕು ಬೀಗ. ಕೊನೆಯವನು ಹೊರಗೆ ಬಂದು ತನ್ನ ಬೀಗ ತೆಗೆಯುವ ತನಕ ಆ ಸ್ವಿಚ್ ಮೇಲಕ್ಕೆ ಏಳುವುದಿಲ್ಲ. ಕೆಲವು ಕಡೆ ಒಂದೇ ಕೀಲಿಯ ಉಪಾಯ ಇದೆ. ಸ್ವಿಚ್ ಆಫ್ ಆದರೆ ಮಾತ್ರ ಕೀಲಿ ಹೊರಗೆ ಬರುತ್ತದೆ. ಯಂತ್ರದ ಬಾಗಿಲು ತೆಗೆಯಲು ಬೇಕಾದದ್ದೂ ಅದೇ ಕೀಲಿ. ಕರೆಂಟ್ ಇರುವಾಗ ಬಾಗಿಲು ತೆಗೆಯಲು ದಾರಿಯೇ ಇಲ್ಲ.

ಹೋದ ವಾರ ಊರಿಗೆ ಹೋಗಿದ್ದೆ. ಚಿಕ್ಕಪ್ಪ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಸ್ಟಾರ್ಟರ್‌ಗಿಂತ ಮೊದಲು ಒಂದು ಮೇನ್ ಸ್ವಿಚ್ ಹಾಕಿಸಿದ್ದಾರೆ. ಹಿಡಿ ಕೆಳಗಿದ್ದಾಗ ಬೀಗ ಹಾಕಲು ತೂತು ಇದೆ. ಆಟೋ ಪೆಟ್ಟಿಗೆ ಹಾಗೇ ಇದೆ, ರಾತ್ರಿ ಪಾಳಿ ಇನ್ನೂ ಇದೆಯಲ್ಲ. ಕೇಬಲ್ ಮುಟ್ಟುವ ಕೆಲಸ ಇದ್ದರೆ ಮೊದಲು ಹಿಡಿ ಇಳಿಸಿ ಬೀಗ, ಆಮೇಲೆ ಟೆಸ್ಟರ್ ಇಟ್ಟು ಮೂರು ಫೇಸನ್ನೂ ನೋಡುವುದು. ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು.

"ಬೀಗ ಹಾಕಿ, ಕೀಲಿ ಎಲ್ಲಾದ್ರೂ ಮರೆತು ಬಂದೆ ಅನ್ಕೋ, ಆಗ?" ಅಂತ ಕೇಳಿದರು.

"ಮೋಟರ್ ಚಾಲೂ ಆಗಲ್ಲ ಚಿಕ್ಕಪ್ಪ. ಅವತ್ತು ನೀರು ಹಾಯೋದಿಲ್ಲ, ಅಷ್ಟೇ."

ಸ್ವಲ್ಪ ಹೊತ್ತು ಸುಮ್ನೆ ಆ ಹಿಡಿಯನ್ನೇ ನೋಡುತ್ತಾ ನಿಂತರು. ಆಮೇಲೆ, "ಪಕ್ಕದ ಹೊಲದೋರಿಗೂ ಒಂದು ಹಾಕಿಸ್ಬೇಕು" ಅಂದರು.